4 ಎಂಎಂ ಅಕ್ರಿಲಿಕ್: ಬಗ್ಗಿಸಿದ ಗೆರೆಯಲ್ಲಿ ಗುಳ್ಳೆ, ಅಂಟಿಸಿದ ಮೇಲೆ ಕೂದಲೆಳೆ ಸೀಳು

ಮರಿಮೀನು (ದಾವಣಗೆರೆ): ಗಪ್ಪಿ ಮೀನಿನ ಮರಿ ಬಿಡೋಕೆ ತೊಟ್ಟಿಯೊಳಗೆ ನೇತುಹಾಕೋ ಡಬ್ಬಿ ಮಾಡ್ತಿದೀನಿ. ಮುಂದೆ, ತಳ, ಹಿಂದೆ ಮೂರೂ ಒಂದೇ ತುಂಡು, 20 ಸೆಂ.ಮೀ. ಅಗಲ, ಬಿಸಿಗಾಳಿ ಊದೋ ಹೀಟ್ ಗನ್ನಲ್ಲಿ ಕಾಯಿಸಿ ಯು ಆಕಾರಕ್ಕೆ ಬಗ್ಗಿಸಿದೆ. ಗೆರೆ ತುಂಬ ಸಣ್ಣ ಗುಳ್ಳೆ. ಪಕ್ಕದ ತುಂಡುಗಳನ್ನ ಕ್ಲೋರೋಫಾರ್ಮಲ್ಲಿ ಅಂಟಿಸಿದ ಮೇಲೆ ಅಂಚಲ್ಲೆಲ್ಲ ಸೀಳು. ಶೀಟು ಲೇಸರ್ ಕಟ್. ಎಲ್ಲಿ ತಪ್ತಿದೆ?

ಕೋಟೆಗಾಳಿ (ಚಿತ್ರದುರ್ಗ): ಗುಳ್ಳೆಗೆ ಕಾರಣ ಎರಡು ರೀ: ಅತಿ ಕಾವು, ಇಲ್ಲಾ ಶೀಟು ಹೀರಿಕೊಂಡ ತೇವ. ಅಕ್ರಿಲಿಕ್ ಬಾಗೋದು 150–160 ಡಿಗ್ರಿಗೆ. ಹೀಟ್ ಗನ್ ಬಾಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರ್ತೈತಿ, ಒಳಗೆ ಮೆತ್ತಗಾಗೋ ಮೊದಲೇ ಮೇಲ್ಮೈ ಕುದಿಯುತ್ತೆ. ಗನ್ ಬಿಟ್ಟು, ಕರೆಂಟ್ ಹರಿದ್ರೆ ಕಾಯೋ ನೈಕ್ರೋಮ್ ತಂತಿ ಹಚ್ರಿ.

24 ಗೇಜ್ ತಂತಿ 60 ಸೆಂ.ಮೀ., 12 ವೋಲ್ಟ್ 5 ಆಂಪ್ ಟ್ರಾನ್ಸ್‌ಫಾರ್ಮರ್. ಮನೆ ಕರೆಂಟಿಗೆ ನೇರ ಕೊಡಲೇಬೇಡ್ರಿ. ಬಗ್ಗಿಸೋದು 20 ಸೆಂ.ಮೀ. ಅಂತ ತಂತಿ ಗಿಡ್ಡ ಮಾಡಿದ್ರೆ ಕರೆಂಟ್ ಜಾಸ್ತಿ ಹರಿದು ಕೆಂಪಾಗುತ್ತೆ. ಕಾದ ತಂತಿ ಉದ್ದ ಆಗಿ ಜೋಲು ಬೀಳುತ್ತೆ, ಅದಕ್ಕೇ ಒಂದು ತುದಿಗೆ ಸ್ಪ್ರಿಂಗ್ ಬೇಕು. ರಕ್ಷಣೆಯ ಹಾಳೆ ಕಿತ್ತು, ಶೀಟನ್ನ ತಂತಿಗಿಂತ ಸುಮಾರು ಒಂದು ಸೆಂ.ಮೀ. ಮೇಲೆ ಇಟ್ಟು, ನಿಮಿಷಕ್ಕೊಮ್ಮೆ ತಿರುವಿ ಹಾಕ್ರಿ. ತನ್ನ ಭಾರಕ್ಕೇ ಬಾಗಿದ್ರೆ ಹದ ಬಂತು. ಒತ್ತಾಯ ಮಾಡಬೇಕಾದ್ರೆ ಇನ್ನೂ ಕಾದಿಲ್ಲ. ಆವಾಗ ಬಗ್ಗಿಸಿದ್ದೇ ಆಮೇಲೆ ಸೀಳು ಬಿಡೋದು. ಬಗ್ಗಿಸಿ ಪ್ಲೈವುಡ್ ಮೂಲೆಗೆ ಒತ್ತಿ, ಕೈಗೆ ಬೆಚ್ಚಗಾಗೋ ತನಕ ಹಿಡೀರಿ. ಫ್ಯಾನ್ ಆಫ್, ನೀರು ಹಾಕಬಾರದು. ನಮ್ಮೂರ ಗಾಳಿಗೆ ಕಿಟಕಿ ಪಕ್ಕ ಕೂತ್ರೆ ಒಂದು ತುದಿ ಮೊದಲು ಆರಿ ಕೋನ ತಿರುಚ್ಕೊಳ್ಳುತ್ತೆ. ಹೊಗೆ ಹೋಗೋಕೆ ಬಾಗಿಲು ಮಾತ್ರ ತೆಗೆದಿರಲಿ.

ಇಷ್ಟಾದ್ರೂ ಗುಳ್ಳೆ ಬಂದ್ರೆ ತೇವ ಅಂತಲೇ ಲೆಕ್ಕ. ಓಟಿಜಿಯಲ್ಲಿ (ಮನೆಯ ಕರೆಂಟ್ ಓವನ್) 80 ಡಿಗ್ರಿಗೆ ನಾಲ್ಕೈದು ತಾಸು ಒಣಗಿಸಿ.

ಅಂಚುಪಟ್ಟಿ: ಸೀಳಿನ ಕಥೆ ಬೇರೆ. ಲೇಸರ್ ಅಂಚು ನೋಡೋಕೆ ಗಾಜಿನಂಗೆ ಹೊಳೀತದೆ, ಒಳಗೆ ಬಿಗುವು ತುಂಬಿರ್ತದೆ. ಕ್ಲೋರೋಫಾರ್ಮ್ ತಾಗಿದ ತಕ್ಷಣ ಅದು ಸೀಳಾಗಿ ಬಿಚ್ಚಿಕೊಳ್ಳುತ್ತೆ. ಅಂಚನ್ನ 240, ಆಮೇಲೆ 400 ನಂಬರ್ ಸ್ಯಾಂಡ್ ಪೇಪರಲ್ಲಿ ಉಜ್ಜಿ. ಬಗ್ಗಿಸಿ, ಬಿಗುವು ಇಳಿಯೋಕೆ ಪೀಸು ಪೂರ್ತಿ 80 ಡಿಗ್ರಿಯಲ್ಲಿ ಎರಡು ಮೂರು ತಾಸು ಇಟ್ಟು, ಓವನ್ ಬಾಗಿಲು ತೆಗೆಯದೆ ಆರೋಕೆ ಬಿಡಿ. ಅಂಟಿಸೋದು ಇದಾದ ಮೇಲೇ.

ಮರಿಮೀನು: ನಮ್ಮ ಓಟಿಜಿ ಗುಂಡಿಯಲ್ಲಿ 100 ಕ್ಕಿಂತ ಕೆಳಗೆ ಗುರುತೇ ಇಲ್ಲ ಅಣ್ಣ. ನಡೆಯುತ್ತಾ?

ಅಂಚುಪಟ್ಟಿ: ಬೇಡ. 100 ದಾಟಿದ್ರೆ ಬಗ್ಗಿಸಿದ ಕೋನ ಮತ್ತೆ ಬಿಚ್ಚೋಕೆ ಶುರು ಮಾಡುತ್ತೆ. ಓವನ್ ಥರ್ಮಾಮೀಟರ್ ಒಳಗಿಟ್ಟು, ಗುಂಡಿ 100 ಕ್ಕಿಂತ ಕೆಳಗೆ ಎಲ್ಲಿ ತಿರುಗಿಸಿದ್ರೆ 80 ನಿಲ್ಲುತ್ತೆ ನೋಡ್ಕೊಳ್ಳಿ.

ಇನ್ನೊಂದು, ಬಾಗಿದ ಮೂಲೆಯ ಒಳಮೈ ಒತ್ತಿಕೊಂಡು ಎರಡೂ ತುದಿಯಲ್ಲಿ ಸ್ವಲ್ಪ ಉಬ್ಬಿರುತ್ತೆ. ಸಮತಟ್ಟಾದ ಗಾಜಿನ ಮೇಲೆ ಪೇಪರ್ ಅಂಟಿಸಿ, ಆ ಉಬ್ಬು ಹೋಗೋ ತನಕ ಅಂಚು ತೀಡಿ. ಇಲ್ಲಾಂದ್ರೆ ಪಕ್ಕದ ತುಂಡು ಕೂರಲ್ಲ, ಸಿರಿಂಜಿನಿಂದ ಬಿಟ್ಟ ಕ್ಲೋರೋಫಾರ್ಮ್ ಸಂದಿಯಲ್ಲಿ ಹರಿಯೋದೂ ಇಲ್ಲ, ನೀರು ಸೋರೋದು ಅಲ್ಲೇ. ಸಿಲಿಕೋನ್ ಮೆತ್ತಿ ಮುಚ್ಚೋಕೆ ಹೋಗಬೇಡಿ, ಅಕ್ರಿಲಿಕ್‌ಗೆ ಅದು ಗಟ್ಟಿ ಹಿಡಿಯಲ್ಲ.