‘ನಿರಾಕರಿಸಲಾಗಿದೆ’: ಯಾರು ನಿರಾಕರಿಸಿದ್ದು? ಸರ್ವರ್ ದೋಷ ಸಂದೇಶಗಳಿಗೆ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ,

ಸರ್ವರ್ ಮೇಲೆ ವೆಬ್ ಪೋರ್ಟಲ್ ಇನ್‌ಸ್ಟಾಲ್ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಉದಾಹರಣೆಗೆ ಲೈಫ್‌ರೇ ಎಂಬ ಪೋರ್ಟಲ್ ತಂತ್ರಾಂಶ ಇಟ್ಟುಕೊಂಡಿದ್ದೇನೆ. ಅದು ಜಾವಾದಲ್ಲಿ ಬರೆದದ್ದು. ಜಾವಾ ವೆಬ್ ಪ್ರೋಗ್ರಾಮ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಮೇಲೆ ಓಡುತ್ತದೆ, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್, ಮುಂದೆ ಬ್ರೌಸರಿಗೆ ಪುಟ ಕೊಡುವ ಅಪಾಚೆ ವೆಬ್ ಸರ್ವರ್, ಕೆಳಗೆ ಲಿನಕ್ಸ್. ಇನ್‌ಸ್ಟಾಲ್ ಮಾಡುವ ಹಂತಗಳನ್ನು ಬರೆಯುವುದಕ್ಕೆ ಪದಗಳ ಕೊರತೆ ಕಾಡಲಿಲ್ಲ. ‘ಏನಾದರೂ ಕೆಟ್ಟರೆ’ ಎಂಬ ಅಧ್ಯಾಯಕ್ಕೆ ಬಂದಾಗ ಮಾತ್ರ ನಿಮ್ಮ ಸಹಾಯ ಬೇಕು ಅನ್ನಿಸಿತು.

ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಜಾಸ್ತಿ ಕಾಣಿಸುವ ಸಂದೇಶಗಳು ನಾಲ್ಕು: ಪರ್ಮಿಶನ್ ಡಿನೈಡ್, ಆಕ್ಸೆಸ್ ಡಿನೈಡ್, ಕನೆಕ್ಷನ್ ರೆಫ್ಯೂಸ್ಡ್, ಫಾರ್ಬಿಡನ್. ಇವನ್ನು ಕನ್ನಡಕ್ಕೆ ತಂದರೆ ‘ಅನುಮತಿ ನಿರಾಕರಿಸಲಾಗಿದೆ’, ‘ಪ್ರವೇಶ ನಿರಾಕರಿಸಲಾಗಿದೆ’, ‘ಸಂಪರ್ಕ ನಿರಾಕರಿಸಲಾಗಿದೆ’, ‘ನಿಷೇಧಿಸಲಾಗಿದೆ’ ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದುವವರಿಗೆ ನಾಲ್ಕೂ ಒಂದೇ ಥರ ಕೇಳಿಸುತ್ತವೆ. ‘ಲಾಗಿದೆ’ ಎಂಬ ಕೊನೆ ಬಂದ ಕೂಡಲೇ ನಿರಾಕರಿಸಿದ್ದು ಯಾರು ಎನ್ನುವುದೇ ವಾಕ್ಯದಿಂದ ಮಾಯವಾಗುತ್ತದೆ. ಸರ್ವರ್ ರಿಪೇರಿಯಲ್ಲಿ ಮೊದಲು ಗೊತ್ತಾಗಬೇಕಾದದ್ದು ಅದೇ ಅಲ್ವಾ? ಬೇಡ ಅಂದವರು ಯಾರೆಂದು ತಿಳಿಯದಿದ್ದರೆ ಎಲ್ಲಿ ಹೋಗಿ ಸರಿಪಡಿಸುವುದು?

ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ಇವುಗಳ ಅರ್ಥ ನಿಜಕ್ಕೂ ಬೇರೆ ಬೇರೆ.

ಪರ್ಮಿಶನ್ ಡಿನೈಡ್ ಎಂದು ಹೇಳುವುದು ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ. ಅದರ ದೋಷಸಂಖ್ಯೆ 13. ಟಾಮ್‌ಕ್ಯಾಟ್ ಶುರು ಮಾಡುವ ಸ್ಕ್ರಿಪ್ಟ್‌ಗೆ 644 ಎಂಬ ಪರ್ಮಿಶನ್ ಸಂಖ್ಯೆ ಇದ್ದು, ಅದನ್ನು ನೇರವಾಗಿ ಓಡಿಸಲು ಹೋದರೆ ಇದೇ ಸಂದೇಶ ಬರುತ್ತದೆ. 644 ಅಂದರೆ ಒಡೆಯನು ಓದಬಹುದು, ಬರೆಯಬಹುದು, ಉಳಿದವರು ಓದಬಹುದು, ಓಡಿಸಲು ಯಾರಿಗೂ ಆಗದು. ಇಲ್ಲಿ ‘ಅನುಮತಿ’ ಎಂಬ ಪದದ ಮೇಲೆ ನನಗೆ ತಕರಾರಿದೆ. ಅನುಮತಿ ಎಂದರೆ ಯಾರೋ ಕೇಳುವುದು, ಇನ್ಯಾರೋ ಕೊಡುವುದು. ಫೈಲಿನ ಮೇಲೆ ಇರುವುದು ಹಾಗಲ್ಲ, ಅದು ಮೊದಲೇ ಬರೆದಿಟ್ಟ ಹಕ್ಕು. ‘ಓದುವ ಹಕ್ಕು, ಬರೆಯುವ ಹಕ್ಕು, ಓಡಿಸುವ ಹಕ್ಕು’ ಅಂದರೆ ಚೆನ್ನಾಗಿ ಕೂರುತ್ತದೆ. ಓನರ್‌ಗೆ ‘ಒಡೆಯ’ ಅನ್ನುವುದಂತೂ ಸರಿಯಾಗಿ ಹೊಂದುತ್ತದೆ.

ಫೋಲ್ಡರಿಗೆ ಬಂದಾಗ ಇದೇ ಮೂರನೆಯ ಹಕ್ಕಿನ ಅರ್ಥ ಬದಲಾಗುತ್ತದೆ. ಫೋಲ್ಡರನ್ನು ಓಡಿಸಲು ಆಗುವುದಿಲ್ಲ, ಅದರ ಮೂಲಕ ಹಾದು ಒಳಗಿನದನ್ನು ಮುಟ್ಟಬಹುದು, ಅಷ್ಟೇ. ಫೈಲಿಗೆ ಹಕ್ಕು ಸರಿಯಾಗಿದ್ದು, ಅದರ ಮೇಲಿನ ಯಾವುದೋ ಫೋಲ್ಡರಿನಲ್ಲಿ ಈ ಹಕ್ಕು ಇಲ್ಲದಿದ್ದರೂ 13 ಬರುತ್ತದೆ. ತುಂಬಾ ಜನ ಸಿಕ್ಕಿಬೀಳುವುದು ಇಲ್ಲೇ. ಫೈಲನ್ನೇ ಮತ್ತೆ ಮತ್ತೆ ನೋಡುತ್ತಾರೆ, ಮೇಲಿನ ದಾರಿಯನ್ನು ನೋಡುವುದಿಲ್ಲ. ಹಾಗಾಗಿ ಫೋಲ್ಡರಿಗೆ ‘ಹಾಯುವ ಹಕ್ಕು’ ಎಂಬ ಬೇರೆಯದೇ ಪದ ಬಳಸಬೇಕೆಂದಿದ್ದೇನೆ. ಪದ ಬೇರೆಯಾದರೆ ಓದುವವರ ಕಣ್ಣೂ ಬೇರೆ ಕಡೆ ಹೋಗುತ್ತದೆ.

ಆಕ್ಸೆಸ್ ಡಿನೈಡ್ ಎಂದು ಹೇಳುವುದು ನಮ್ಮ ಜೋಡಣೆಯಲ್ಲಿ ಮೈಎಸ್‌ಕ್ಯೂಎಲ್. ಅದರಲ್ಲೂ ಎರಡು ಬಗೆ. 1045 ಬಂದರೆ ಹೆಸರು, ಪಾಸ್‌ವರ್ಡ್ ಹೊಂದಲಿಲ್ಲ ಎಂದು. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಬಳಕೆದಾರನ ಹೆಸರು ಮತ್ತು ಅವನು ಬರುವ ಯಂತ್ರದ ಹೆಸರು, ಎರಡೂ ಸೇರಿ. ಪಾಸ್‌ವರ್ಡ್ ಸರಿಯಿದ್ದರೂ ಬೇರೆ ಯಂತ್ರದಿಂದ ಬಂದರೆ ಒಳಗೆ ಬಿಡದಿರಬಹುದು. 1044 ಬಂದರೆ ಗುರುತು ಸರಿಯಾಗಿದೆ, ಆದರೆ ಆ ಡೇಟಾಬೇಸ್ ಮೇಲೆ ಹಕ್ಕಿಲ್ಲ ಎಂದು. ಲೈಫ್‌ರೇ ಮೊದಲ ಸಲ ಶುರುವಾದಾಗ ತನಗೆ ಬೇಕಾದ ಟೇಬಲ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅದರ ಖಾತೆಗೆ ಓದುವ, ಬರೆಯುವ ಹಕ್ಕಿನ ಜೊತೆಗೆ ಟೇಬಲ್ ಕಟ್ಟುವ ಹಕ್ಕೂ ಬೇಕು. ಎರಡಕ್ಕೂ ‘ಪ್ರವೇಶ ನಿರಾಕರಿಸಲಾಗಿದೆ’ ಅಂದುಬಿಟ್ಟರೆ, 1044 ನೋಡಿದವರು ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ. 1045ಕ್ಕೆ ‘ಗುರುತು ಹೊಂದಲಿಲ್ಲ’, 1044ಕ್ಕೆ ‘ಈ ಡೇಟಾಬೇಸ್ ಮೇಲೆ ಹಕ್ಕಿಲ್ಲ’ ಎಂದು ಬರೆದಿದ್ದೇನೆ.

ಇದೇ ಗೊಂದಲ ವೆಬ್ ಸರ್ವರ್ ಬ್ರೌಸರಿಗೆ ಕಳಿಸುವ 401 ಮತ್ತು 403 ಎಂಬ ಉತ್ತರಗಳ ನಡುವೆಯೂ ಇದೆ. ಫಾರ್ಬಿಡನ್ ಎಂಬುದು 403ರ ಹೆಸರು. 401ಕ್ಕೆ ಇಂಗ್ಲಿಷಿನಲ್ಲಿ ಅನ್‌ಆಥರೈಸ್ಡ್ ಎಂಬ ಹೆಸರಿದೆ, ಆದರೆ ಅದರ ಕೆಲಸ ‘ನೀನು ಯಾರೆಂದು ಮೊದಲು ತಿಳಿಸು’ ಎನ್ನುವುದು. ಕನ್ನಡದಲ್ಲಿ ‘ಅನಧಿಕೃತ’ ಎಂದು ಹಾಕಿದರೆ ಓದುವವರಿಗೆ ‘ಕಾನೂನುಬಾಹಿರ’ ಎಂದು ಕೇಳಿಸುತ್ತದೆ. ‘ಗುರುತು ಬೇಕು’ ಅಂದರೆ ಮುಗಿಯಿತು. 403 ಅಂದರೆ ಗುರುತು ಹೇಳಿದರೂ ಸಾಲದು, ಈ ಪುಟ ಕೊಡುವುದಿಲ್ಲ ಎಂದು. ಅಪಾಚೆಗೆ ತಾನು ಕೊಡಬೇಕಾದ ಫೈಲಿನ ದಾರಿಯಲ್ಲಿ ಹಾಯುವ ಹಕ್ಕು ಇಲ್ಲದಿದ್ದರೂ ಬ್ರೌಸರಿನಲ್ಲಿ ಕಾಣುವುದು 403. ಒಳಗಿನ 13 ಹೊರಗೆ 403 ಆಗಿ ಬಂದಿರುತ್ತದೆ. ನಿಜವಾದ ಕಾರಣ ಅಪಾಚೆಯ ಲಾಗ್‌ನಲ್ಲಿ (ನಡೆದದ್ದನ್ನು ಅದು ಬರೆದಿಡುವ ಫೈಲಿನಲ್ಲಿ) ಸಿಗುತ್ತದೆ.

ಇನ್ನು ಕನೆಕ್ಷನ್ ರೆಫ್ಯೂಸ್ಡ್. ಲಿನಕ್ಸ್‌ನಲ್ಲಿ ಇದರ ಸಂಖ್ಯೆ 111. ನನಗೆ ಅತಿ ಹೆಚ್ಚು ತೊಡಕು ಕೊಟ್ಟಿರುವುದು ಇದೇ. ಹೆಸರಲ್ಲಿ ‘ನಿರಾಕರಣೆ’ ಇದೆ, ಆದರೆ ಸಾಮಾನ್ಯವಾಗಿ ಇಲ್ಲಿ ಯಾರೂ ಯೋಚಿಸಿ ಬೇಡ ಅಂದಿರುವುದಿಲ್ಲ. ಯಂತ್ರ ಎಚ್ಚರವಾಗಿದೆ, ಉತ್ತರವನ್ನೂ ಕೊಟ್ಟಿದೆ, ಆದರೆ ನಾವು ತಟ್ಟಿದ ಪೋರ್ಟ್‌ನಲ್ಲಿ (ಯಂತ್ರಕ್ಕೆ ಇರುವ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ ಒಂದು) ಯಾವ ಪ್ರೋಗ್ರಾಮೂ ಇಲ್ಲ. ಟಾಮ್‌ಕ್ಯಾಟ್ ಇನ್ನೂ ಎದ್ದಿಲ್ಲ, ಅಥವಾ 8080 ಬಿಟ್ಟು ಬೇರೆ ಪೋರ್ಟ್ ಹಿಡಿದಿದೆ. ಟೈಮ್‌ಔಟ್ ಬಂದರೆ ಕಥೆ ಬೇರೆ. ಆಗ ಉತ್ತರವೇ ಬಂದಿಲ್ಲ, ಜಾಸ್ತಿ ಸಲ ಅದು ನೆಟ್‌ವರ್ಕಿನ ಕಾವಲುಗಾರನಾದ ಫೈರ್‌ವಾಲ್ ಸದ್ದಿಲ್ಲದೆ ನುಂಗಿದ್ದು. ಮೊದಲನೆಯದಕ್ಕೆ ಟಾಮ್‌ಕ್ಯಾಟ್ ನೋಡಬೇಕು, ಎರಡನೆಯದಕ್ಕೆ ಫೈರ್‌ವಾಲ್ ನಿಯಮ ನೋಡಬೇಕು. (ಫೈರ್‌ವಾಲೇ ರೆಫ್ಯೂಸ್ಡ್ ಎಂಬ ಉತ್ತರ ಕಳಿಸುವಂತೆ ನಿಯಮ ಬರೆಯಲೂ ಬರುತ್ತದೆ. ಅದನ್ನು ಕೈಪಿಡಿಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ.)

ಈ ವಿವರಣೆಗೆ ಲಿಸನ್ ಎಂಬ ಕ್ರಿಯಾಪದ ಬೇಕೇ ಬೇಕು, ಅಂದರೆ ಪ್ರೋಗ್ರಾಮ್ ಒಂದು ಪೋರ್ಟ್‌ನಲ್ಲಿ ಬರುವ ಸಂಪರ್ಕಕ್ಕೆ ಸಿದ್ಧವಾಗಿ ಕೂತಿರುವುದು. ‘ಟಾಮ್‌ಕ್ಯಾಟ್ 8080 ಪೋರ್ಟ್ ಕೇಳುತ್ತಿದೆ’ ಎಂದು ಬರೆದರೆ ಎರಡು ಅರ್ಥ. ನಮ್ಮ ‘ಕೇಳು’ವಿನಲ್ಲಿ ಆಲಿಸುವುದೂ ಇದೆ, ಬೇಕು ಅನ್ನುವುದೂ ಇದೆ. ಪೋರ್ಟ್ ಬೇಕು ಎಂದು ಕೇಳುತ್ತಿದೆ, ಇನ್ನೂ ಸಿಕ್ಕಿಲ್ಲ ಎಂದು ಓದುವವರು ತಿಳಿದರೆ ಅವರ ತಪ್ಪೇನಿಲ್ಲ. ಅದೂ ಆಗಬಹುದಾದ ಪರಿಸ್ಥಿತಿಯೇ: ಬೇರೆ ಪ್ರೋಗ್ರಾಮ್ 8080 ಹಿಡಿದಿದ್ದರೆ ಟಾಮ್‌ಕ್ಯಾಟ್‌ಗೆ ಅದು ಸಿಗುವುದಿಲ್ಲ, ‘ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂಬ ದೋಷ ಬರುತ್ತದೆ. ‘ಆಲಿಸು’ ಸ್ಪಷ್ಟವಾಗಿದೆ, ಆದರೆ ಭಾಷಣವನ್ನೋ ಸಂಗೀತವನ್ನೋ ಗಮನವಿಟ್ಟು ಕೇಳುವ ಹಾಗಿದೆ. ಸದ್ಯಕ್ಕೆ ‘ಕಾದಿರು’ ಎಂದು ಬರೆದಿದ್ದೇನೆ. ‘ಟಾಮ್‌ಕ್ಯಾಟ್ 8080ರಲ್ಲಿ ಕಾದಿದೆ’ ಎಂದರೆ ಸಾಧುವಾಗುತ್ತದೆ, ಆದರೆ ಹಂಚು ಕಾದಿದೆ ಎಂಬ ಬಿಸಿಯ ಅರ್ಥ ಇಣುಕುತ್ತದೆ. ‘ಕಾಯುತ್ತಿದೆ’ ಅಂದರೂ ಅದೇ ತೊಂದರೆ. ‘ಕರೆಗೆ ಕಾದಿದೆ’ ಎಂದು ಒಂದು ಪದ ಸೇರಿಸಿದರೆ ಆ ಗೊಂದಲ ಹೋಗುತ್ತದೆ. 111ಕ್ಕೆ ‘ಆ ಪೋರ್ಟ್‌ನಲ್ಲಿ ಓಗೊಡುವವರಿಲ್ಲ’ ಎಂಬುದು ನನ್ನ ಆಯ್ಕೆ.

ಇಷ್ಟೆಲ್ಲ ಯಾಕೆ ಎಳೆಯುತ್ತಿದ್ದೇನೆಂದರೆ, ನಾಲ್ಕಕ್ಕೂ ಒಂದೇ ಪದ ಕೊಟ್ಟರೆ ಜನ ನಾಲ್ಕಕ್ಕೂ ಒಂದೇ ಮದ್ದು ಹಾಕುತ್ತಾರೆ. ಆ ಮದ್ದು ಬಹಳ ಸಲ 777. ಎಲ್ಲರಿಗೂ ಎಲ್ಲ ಹಕ್ಕು. ಅದರಿಂದ 1045 ಹೋಗದು, 111 ಹೋಗದು. ಬದಲಿಗೆ ಆ ಯಂತ್ರದ ಮೇಲಿನ ಯಾವ ಖಾತೆ ಬೇಕಾದರೂ ಪೋರ್ಟಲ್ಲಿನ ಫೈಲ್ ತಿದ್ದಬಹುದು ಎಂಬಂತಾಗುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲೂ ಅದರಲ್ಲೇ ಇದ್ದರೆ ಅದೂ ಬಯಲು.

ದಯವಿಟ್ಟು ಇವಕ್ಕೆ ಉತ್ತರ ಕೊಡಿ. ‘ಹಾಯುವ ಹಕ್ಕು’ ಎಲ್ಲ ಕಡೆಯ ಕನ್ನಡಿಗರಿಗೂ ತಿಳಿಯುತ್ತದೆಯೇ, ಅಥವಾ ‘ದಾಟುವ ಹಕ್ಕು’ ವಾಸಿಯೇ? ಹಾಯುವುದು ಎಂದರೆ ದನ ಹಾಯುವುದು ನೆನಪಾಗುವ ಕಡೆ ಇದು ನಿಲ್ಲುತ್ತದೆಯೇ? ‘ಓಗೊಡು’ ಈಗಿನ ಓದುಗರಿಗೆ ಹಳೆಯದೆನಿಸುತ್ತದೆಯೇ? ಲಿಸನ್‌ಗೆ ‘ಕರೆಗೆ ಕಾದಿರು’ಗಿಂತ ಚಿಕ್ಕ ಪದ ನಿಮ್ಮ ಮಾತಿನಲ್ಲಿ ಇದೆಯೇ? ದೋಷ ಸಂದೇಶದ ಇಂಗ್ಲಿಷ್ ರೂಪವನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಟ್ಟು, ಅರ್ಥವನ್ನು ಮಾತ್ರ ಕನ್ನಡದಲ್ಲಿ ಕೊಡುವುದೆಂದು ತೀರ್ಮಾನಿಸಿದ್ದೇನೆ. ಪರದೆಯ ಮೇಲೆ ಕಂಡದ್ದನ್ನು ಕೈಪಿಡಿಯಲ್ಲಿ ಹುಡುಕಲು ಅದು ಬೇಕಾಗುತ್ತದೆ. ಅದಕ್ಕೆ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ.