ಒಂದೇ ಗಿಟಾರ್, ಸ್ಟೇಜಿಗೂ ಸ್ಟುಡಿಯೋಗೂ: ಸಿಗ್ನೇಚರ್ ಮಾಡೆಲ್ ನುಡಿಸುವವರು ಹೇಳಿ

ಪ್ರಶ್ನೆ

ತಿಂಗಳಿಗೆ ಮೂರ್ನಾಲ್ಕು ಶೋ ಇರುತ್ತವೆ. ಮಿಕ್ಕ ದಿನ ಬೇರೆಯವರ ಹಾಡುಗಳಿಗೆ ಗಿಟಾರ್ ರೆಕಾರ್ಡ್ ಮಾಡಿಕೊಡುತ್ತೇನೆ. ಒಂದೇ ಸಂಜೆಗೆ ಫಂಕ್ ರಿದಮ್, ಬ್ಲೂಸ್ ಲೀಡ್, ದಪ್ಪ ಡಿಸ್ಟಾರ್ಷನ್ ಮೂರೂ ಬೇಕಾಗುತ್ತವೆ. ಈಗ ಎರಡು ಗಿಟಾರ್ ಹೊತ್ತು ಓಡಾಡುತ್ತಿದ್ದೇನೆ, ಒಂದರಲ್ಲಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಇನ್ನೊಂದರಲ್ಲಿ ಹಂಬಕರ್ (ಎರಡು ಸುರುಳಿಯ, ದಪ್ಪ ಸ್ವರದ ಪಿಕಪ್). ಎರಡರ ಕೆಲಸವನ್ನೂ ಮಾಡುವ ಒಂದು ಸಿಗ್ನೇಚರ್ ಮಾಡೆಲ್, ಅಂದರೆ ಹೆಸರಾಂತ ಕಲಾವಿದರಿಗಾಗಿ ಅವರ ಹೆಸರಲ್ಲೇ ಮಾಡಿದ ಗಿಟಾರ್, ಕೊಳ್ಳೋಣ ಅಂತಿದ್ದೇನೆ. ವರ್ಷಗಟ್ಟಲೆ ನುಡಿಸಿದವರು ಹೇಳಿ, ಏನು ನೋಡಬೇಕು?

ಆರು ವರ್ಷದಿಂದ ಒಂದೇ ಗಿಟಾರ್ ನುಡಿಸುತ್ತಿರುವವರು

ನನ್ನದು ಎಚ್‌ಎಸ್‌ಎಚ್. ಎರಡು ತುದಿಗೆ ಹಂಬಕರ್, ನಡುವೆ ಸಿಂಗಲ್ ಕಾಯಿಲ್. ಮೊದಲು ಒಂದು ಮಾತು. ಗಿಟಾರ್ ಮೇಲೆ ಯಾರ ಹೆಸರಿದೆ ಅಂತ ನೋಡಬೇಡಿ, ಆ ಕಲಾವಿದರಿಗೆ ಯಾವ ತೊಂದರೆ ಇತ್ತು ಅಂತ ನೋಡಿ. ಅದೇ ತೊಂದರೆ ನಿಮಗೂ ಇದ್ದರೆ ಆ ಗಿಟಾರ್ ನಿಮ್ಮದು.

ಸ್ಟೀವ್ ವಾಯ್ ಅವರ ಐಬನೆಜ್ ಜೆಮ್ ಬಂದದ್ದು 1987ರಲ್ಲಿ. 24 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು). ಮೇಲಿನ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗಲಿ ಅಂತ ಬಾಡಿಯನ್ನು ಆಳವಾಗಿ ಕೊರೆದಿದ್ದಾರೆ. ಟ್ರೆಮೊಲೊ (ಹಿಡಿ ಒತ್ತಿ ಸ್ವರ ಏರಿಳಿಸಬಹುದಾದ ಬ್ರಿಜ್, ಅಂದರೆ ಬಾಡಿ ಮೇಲೆ ತಂತಿಗಳು ಕೂರುವ ಭಾಗ) ಹಿಂದೆಯೂ ಮರ ಕೆತ್ತಿರುವುದರಿಂದ ಸ್ವರವನ್ನು ಕೆಳಗೆ ಮಾತ್ರ ಅಲ್ಲ, ಮೇಲಕ್ಕೂ ಎಳೆಯಬಹುದು. ಪಿಕಪ್ ಆರಿಸುವ ಐದು ಹಂತದ ಸ್ವಿಚ್‌ನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಹಂಬಕರ್‌ನ ಒಂದೇ ಕಾಯಿಲ್ ನಡುವಿನ ಪಿಕಪ್ ಜೊತೆ ಸೇರುತ್ತದೆ. ನಿಮ್ಮ ಫಂಕ್ ರಿದಮ್ ಇರುವುದು ಅಲ್ಲೇ.

ಎರಿಕ್ ಕ್ಲಾಪ್ಟನ್ ಅವರ ಸ್ಟ್ರಾಟೊಕ್ಯಾಸ್ಟರ್ ಬೇರೆ ದಾರಿ. 1988ರ ಆ ಗಿಟಾರ್‌ನಲ್ಲಿ ಹಂಬಕರೇ ಇಲ್ಲ. ಒಳಗೆ ಬ್ಯಾಟರಿ ಮೇಲೆ ನಡೆಯುವ ಮಿಡ್ ಬೂಸ್ಟ್ (ನಡು ಆವರ್ತನಗಳನ್ನು ಹೆಚ್ಚಿಸುವ ಸರ್ಕ್ಯೂಟ್) ಇದೆ, 25 ಡೆಸಿಬಲ್‌ವರೆಗೆ ಏರುತ್ತದೆ. ನಾಬ್ ತಿರುಗಿಸಿದರೆ ತೆಳು ಸ್ವರ ದಪ್ಪವಾಗುತ್ತದೆ. ಲೀಡ್ ಜಾಸ್ತಿ ನುಡಿಸುವವರಿಗೆ ಇದು ತುಂಬಾ ಒಳ್ಳೆಯ ಉಪಾಯ ಅಂತ ನನಗನಿಸುತ್ತದೆ. ಇನ್ನು 2018ರಲ್ಲಿ ಪಿಆರ್‌ಎಸ್ ತಂದ ಜಾನ್ ಮೇಯರ್ ಅವರ ಸಿಲ್ವರ್ ಸ್ಕೈ ಇದೆ. ಮೂರೂ ಸಿಂಗಲ್ ಕಾಯಿಲ್, ಫ್ರೆಟ್‌ಬೋರ್ಡ್ ಬಾಗಿನ ತ್ರಿಜ್ಯ ಹಳೆ ಕಾಲದವುಗಳಂತೆ 7.25 ಇಂಚು. ಕ್ಲೀನ್ ಸ್ವರ ಕೇಳಿದರೆ ಮನಸ್ಸು ಸೋತುಹೋಗುತ್ತದೆ. ಆದರೆ ನೀವು ಕೇಳಿದ ಮೂರನೆಯ ಸ್ವರಕ್ಕೆ ಅದು ಸರಿಯಾದ ಗಿಟಾರ್ ಅಲ್ಲ.

ಈಗ ನಾನು ಎಡವಿದ ಜಾಗ ಹೇಳುತ್ತೇನೆ. ಹಂಬಕರನ್ನು ಸ್ಪ್ಲಿಟ್ ಮಾಡಿದಾಗ ಒಂದು ಕಾಯಿಲ್ ಕೆಲಸ ನಿಲ್ಲಿಸುತ್ತದೆ, ಸದ್ದು ಇಳಿಯುತ್ತದೆ. ಮನೆಯಲ್ಲಿ ಇದು ಗೊತ್ತೇ ಆಗಲಿಲ್ಲ. ಮೊದಲ ಶೋನಲ್ಲಿ ಲೀಡ್ ಮುಗಿಸಿ ಫಂಕ್ ರಿದಮ್‌ಗೆ ಬಂದೆ ನೋಡಿ, ಡ್ರಮ್ ಮತ್ತು ಬೇಸ್ ನಡುವೆ ನನ್ನ ಗಿಟಾರ್ ಮಾಯ. ಹಾಡು ಪೂರ್ತಿ ಕೈ ಜೋರು ಮಾಡಿ ನುಡಿಸಿದೆ, ಲಯವೇ ಹಾಳಾಯಿತು. ಆಮೇಲೆ ಎರಡು ಕೆಲಸ ಮಾಡಿಸಿದೆ. ಹಂಬಕರ್‌ಗಳನ್ನು ಸ್ವಲ್ಪ ಇಳಿಸಿ ನಡುವಿನ ಪಿಕಪ್ ಏರಿಸಿದೆವು. ಸ್ಪ್ಲಿಟ್ ಆಗುವಾಗ ಎರಡನೇ ಕಾಯಿಲ್ ಪೂರ್ತಿ ಬಂದ್ ಆಗದಂತೆ ಒಂದು ರೆಸಿಸ್ಟರ್ ಹಾಕಿಸಿದೆ. ಈಗ ಸ್ವಿಚ್ ಬದಲಿಸಿದರೆ ಸ್ವರ ಬದಲಾಗುತ್ತದೆ, ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಂದು ಎಚ್ಚರ. ಸಿಂಗಲ್ ಕಾಯಿಲನ್ನು ತಂತಿಗೆ ತೀರಾ ಹತ್ತಿರ ತರಬೇಡಿ. ಅಯಸ್ಕಾಂತ ತಂತಿಯನ್ನು ಎಳೆದು ಮೇಲಿನ ಸ್ವರಗಳು ಅಲುಗುತ್ತವೆ.

ಕೊಳ್ಳುವ ಮೊದಲು ಆ್ಯಂಪ್‌ನ ಸೆಟ್ಟಿಂಗ್ ಮುಟ್ಟದೆ ಸ್ವಿಚ್‌ನ ಐದೂ ಜಾಗದಲ್ಲಿ ಒಂದೇ ಕಾರ್ಡ್ (ಸ್ವರಗುಚ್ಛ) ನುಡಿಸಿ. ಆಮೇಲೆ ವಾಲ್ಯೂಮ್ ಅರ್ಧಕ್ಕೆ ಇಳಿಸಿ ಮತ್ತೆ ನುಡಿಸಿ. ಸ್ವರ ಮಂಕಾದರೆ ಒಳಗೆ ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದರೂ ಸ್ವರದ ಹೊಳಪು ಉಳಿಸುವ ಭಾಗ) ಇಲ್ಲ ಅಂತ ಅರ್ಥ. ಅದೇನೂ ದೊಡ್ಡದಲ್ಲ, ಸಣ್ಣ ಕೆಪ್ಯಾಸಿಟರ್, ಹಾಕಿಸಬಹುದು.

ಸ್ಟುಡಿಯೋ ಕಡೆಯಿಂದ

ಮೇಲಿನವರು ಸ್ಟೇಜಿನ ಮಾತು ಹೇಳಿದರು. ರೆಕಾರ್ಡಿಂಗ್‌ನಲ್ಲಿ ಕಾಡುವುದು ಗುಂಯ್ ಅನ್ನುವ ಸದ್ದು. ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಹಮ್ ಸಿಂಗಲ್ ಕಾಯಿಲ್‌ಗೆ ನೇರವಾಗಿ ನುಗ್ಗುತ್ತದೆ. ಹಂಬಕರ್ ಹುಟ್ಟಿದ್ದೇ ಇದನ್ನು ತಡೆಯಲು. ಸ್ಪ್ಲಿಟ್ ಮಾಡಿದ ಕ್ಷಣ ಆ ರಕ್ಷಣೆ ಹೋಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಎರಡು ಮತ್ತು ನಾಲ್ಕನೇ ಜಾಗದಲ್ಲಿ ಮಾತ್ರ, ಸೇರುವ ಕಾಯಿಲ್‌ಗಳಲ್ಲಿ ಒಂದನ್ನು ಇನ್ನೊಂದಕ್ಕೆ ತಿರುವುಮುರುವಾಗಿ ಸುತ್ತಿದ್ದರೆ, ಹಮ್ ಸತ್ತುಹೋಗುತ್ತದೆ. ಗಿಟಾರ್ ನೋಡುವಾಗ ಆ್ಯಂಪ್‌ನ ಗೇನ್ ಏರಿಸಿ, ತಂತಿಗಳ ಮೇಲೆ ಕೈ ಇಟ್ಟು, ಸುಮ್ನೆ ಐದೂ ಜಾಗ ಕೇಳಿ. ಒಂದು ನಿಮಿಷದ ಕೆಲಸ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ರೆಕಾರ್ಡ್ ಮಾಡುತ್ತೀರಾ? ಕೂತ ದಿಕ್ಕು ಬದಲಿಸಿ ನೋಡಿ, ಒಂದು ಕೋನದಲ್ಲಿ ಹಮ್ ಅರ್ಧಕ್ಕರ್ಧ ಇಳಿಯುತ್ತದೆ.

24 ಫ್ರೆಟ್ ಬೇಕೇ ಬೇಕಾ ಅಂತಲೂ ಯೋಚಿಸಿ. ಎರಡು ಫ್ರೆಟ್ ಸೇರಿದರೆ ನೆಕ್ ಪಿಕಪ್ ಬ್ರಿಜ್ ಕಡೆ ಸರಿಯಬೇಕಾಗುತ್ತದೆ. ನಿಧಾನದ ಬ್ಲೂಸ್‌ಗೆ ಬೇಕಾದ ಆ ದುಂಡು ಸ್ವರ ಸ್ವಲ್ಪ ಕಡಿಮೆಯಾಗುತ್ತದೆ. ನಾನು 22 ಫ್ರೆಟ್‌ಗೆ ಬಂದೆ, ಖುಷಿಯಾಗಿದ್ದೇನೆ.

ಇನ್ನೊಬ್ಬರು

ತೇಲುವ ಟ್ರೆಮೊಲೊ, ಅಂದರೆ ಬಾಡಿಗೆ ತಾಗದೆ ನಿಲ್ಲುವ ಬ್ರಿಜ್, ಬೇಡ. ಹಾಡಿನ ನಡುವೆ ನನ್ನ ಒಂದು ತಂತಿ ಕಡಿಯಿತು. ಹಿಂದಿನ ಸ್ಪ್ರಿಂಗ್‌ಗಳು ಬ್ರಿಜ್ ಎಳೆದವು, ಉಳಿದ ಐದೂ ತಂತಿ ಮೇಲೇರಿ ಶ್ರುತಿ ತಪ್ಪಿತು. ಡ್ರಾಪ್ ಡಿ ಮಾಡಿದರೂ, ಅಂದರೆ ದಪ್ಪ ತಂತಿಯ ಶ್ರುತಿ ಇಳಿಸಿದರೂ, ಇದೇ ಗೋಳು. ಬ್ರಿಜ್ ಬಾಡಿ ಮೇಲೆ ಕೂತಿರಲಿ, ಅಥವಾ ಟ್ರೆಮೊಲೊ ಇಲ್ಲದ್ದೇ ಇರಲಿ.

ನಾನು ಸ್ವಲ್ಪ ಬೇರೆ ಅಭಿಪ್ರಾಯದವನು

ಶೋಗೆ ಎರಡನೇ ಗಿಟಾರ್ ಹೇಗೂ ಹೊರಲೇಬೇಕು ಅಲ್ವಾ? ಮೇಲಿನವರ ತಂತಿ ಕಡಿದ ಕಥೆಯೇ ಸಾಕ್ಷಿ. ಹಾಗಾಗಿ ಭಾರ ಇಳಿಸಲು ಕೊಳ್ಳಬೇಡಿ, ಹಾಡಿನ ನಡುವೆ ಗಿಟಾರ್ ಬದಲಿಸುವುದನ್ನು ತಪ್ಪಿಸಲು ಕೊಳ್ಳಿ.

ಸ್ವಿಚ್ ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ಕ್ವೀನ್ ತಂಡದ ಬ್ರಯಾನ್ ಮೇ ತಮ್ಮ ತಂದೆ ಜೊತೆ 1963ರಲ್ಲಿ ಕಟ್ಟಲು ಶುರು ಮಾಡಿದ ರೆಡ್ ಸ್ಪೆಷಲ್‌ನಲ್ಲಿ ಮೂರು ಪಿಕಪ್, ಪ್ರತಿಯೊಂದಕ್ಕೂ ಆನ್-ಆಫ್ ಸ್ವಿಚ್ ಒಂದು, ಫೇಸ್ ಸ್ವಿಚ್ (ಪಿಕಪ್‌ನ ಸಂಕೇತವನ್ನು ತಿರುವುಮುರುವು ಮಾಡುವುದು) ಒಂದು. ಒಟ್ಟು ಆರು. ಆ ಗಿಟಾರ್ ಮೇಲೆ ನನಗೆ ಅಪಾರ ಪ್ರೀತಿ. ಅದೇ ಮಾದರಿಯದ್ದನ್ನು ಎರಡು ವರ್ಷ ನುಡಿಸಿದ್ದೇನೆ ಕೂಡ. ರೆಕಾರ್ಡಿಂಗ್‌ನಲ್ಲಿ ಹೊಸ ಹೊಸ ಸ್ವರ ಹುಡುಕುತ್ತಾ ಗಂಟೆ ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಸ್ಟೇಜಿನಲ್ಲಿ ಮಾತ್ರ ಕತ್ತಲಲ್ಲಿ ಎರಡು ಬೀಟ್ ಒಳಗೆ ಸರಿಯಾದ ಮೂರು ಸ್ವಿಚ್ ಒತ್ತಲು ನನ್ನ ಕೈಗೆ ಆಗಲಿಲ್ಲ. ನಿಮಗೆ ಮೂರು ಸ್ವರ ಬೇಕು. ಆ ಮೂರೂ ಒಂದೇ ಸ್ವಿಚ್‌ನಲ್ಲಿ, ಕಣ್ಣು ಹಾಯಿಸದೆ ಸಿಗಬೇಕು.

ಕೇಳಿದವರು

ತುಂಬಾ ಉಪಕಾರವಾಯಿತು. 22 ಫ್ರೆಟ್, ಎಚ್‌ಎಸ್‌ಎಸ್ (ಒಂದು ಹಂಬಕರ್, ಎರಡು ಸಿಂಗಲ್ ಕಾಯಿಲ್), ಬಾಡಿ ಮೇಲೆ ಕೂತ ಬ್ರಿಜ್, ಇಷ್ಟಕ್ಕೆ ಬಂದಿದ್ದೇನೆ. ನೋಡಿರುವ ಒಂದರಲ್ಲಿ ಸಿಂಗಲ್ ಕಾಯಿಲ್ ಕಿವಿಗೆ ಚುಚ್ಚುತ್ತದೆ. ಪಿಕಪ್ಪೇ ಸರಿ ಇಲ್ಲವೋ ಏನೋ?

ಆರು ವರ್ಷದಿಂದ ನುಡಿಸುತ್ತಿರುವವರು

ಪಿಕಪ್ ಚೆನ್ನಾಗಿಯೇ ಇರಬಹುದು. ಹಂಬಕರ್‌ಗೆ ಸಾಮಾನ್ಯವಾಗಿ 500 ಕಿಲೋಓಮ್ ಪಾಟ್ (ನಾಬ್ ಕೆಳಗಿನ, ತಿರುಗಿಸುವ ರೆಸಿಸ್ಟರ್) ಹಾಕುತ್ತಾರೆ, ಸಿಂಗಲ್ ಕಾಯಿಲ್‌ಗೆ 250. ಎರಡೂ ಇರುವ ಗಿಟಾರ್‌ನಲ್ಲಿ 500 ಹಾಕಿದ್ದರೆ ಸಿಂಗಲ್ ಕಾಯಿಲ್ ಚೂಪಾಗಿ ಕೇಳುತ್ತದೆ. ಟೋನ್ ನಾಬನ್ನು ಹತ್ತರಿಂದ ಏಳಕ್ಕೆ ಇಳಿಸಿ, ಅದೇ ರಿದಮ್ ಇನ್ನೊಮ್ಮೆ ನುಡಿಸಿ ನೋಡಿ. ಅಲ್ಲೇ ಸರಿಹೋದರೆ ಆ ಗಿಟಾರ್ ಬಿಡಬೇಡಿ.