360 ವಿಡಿಯೊ ಯೂಟ್ಯೂಬ್‌ನಲ್ಲಿ ತಿರುಗ್ತಾನೇ ಇಲ್ಲ, ಶನಿವಾರ ಸ್ಟಾಲ್ ಇದೆ, ಅರ್ಜೆಂಟ್

ತೋಟದಮನೆ_ಸಕಲೇಶಪುರ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನಮ್ಮ ಹೋಮ್‌ಸ್ಟೇ ಪ್ರಚಾರಕ್ಕೆ, ಸುತ್ತಲೂ ತಿರುಗಿಸಿ ನೋಡೋ 360 ವಿಡಿಯೊ ಮಾಡಿದ್ವಿ. ಕಾಫಿ ಕಣ, ಹಳ್ಳದ ದಂಡೆ, ರೂಮು ಎಲ್ಲ ಇದೆ. ಯೂಟ್ಯೂಬ್‌ಗೆ ಹಾಕಿದ್ರೆ ಬೆರಳಲ್ಲಿ ಎಳೆದರೂ ತಿರುಗಲ್ಲ. ಮನೆ ಸೂರು ಬಿಲ್ಲಿನ ಥರ ಬಗ್ಗಿದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಕ್ಯಾಮೆರಾ ಆಪ್‌ನಲ್ಲಿ ಸರಿಯಾಗೇ ತಿರುಗತ್ತೆ. ಶನಿವಾರ ಬೆಂಗಳೂರಲ್ಲಿ ಸ್ಟಾಲ್, ಕಣ್ಣಿಗೆ ಹಾಕ್ಕೊಂಡು ನೋಡೋ ವಿಆರ್ ಹೆಡ್‌ಸೆಟ್ ಬಾಡಿಗೆಗೆ ಅಡ್ವಾನ್ಸ್ ಕೊಟ್ಟಾಗಿದೆ.

ಲೆನ್ಸ್‌ಮಂಡ್ಯ:
ಹಾಕಿದ ತಕ್ಷಣ 360 ಬರಲ್ಲ ಸರ್, ಪ್ರೊಸೆಸಿಂಗ್ ಆಗ್ಬೇಕು. ಸ್ವಲ್ಪ ಕಾಯಿರಿ. ಕ್ಯಾಮೆರಾ ಯಾವುದು?

ತೋಟದಮನೆ_ಸಕಲೇಶಪುರ:
ಮೂರು ದಿನ ಅಂದೆನಲ್ಲ ಮಾರಾಯ್ರೆ. ಇನ್‌ಸ್ಟಾ360 ಎಕ್ಸ್3, 5.7ಕೆ.

ಲೆನ್ಸ್‌ಮಂಡ್ಯ:
ಹಾಗಾದ್ರೆ ಫೋನಲ್ಲಿ ಗೈರೊಸ್ಕೋಪ್ ಇಲ್ಲ, ಅಂದ್ರೆ ಫೋನ್ ತಿರುಗಿದ್ದನ್ನ ಗುರುತಿಸೋ ಸೆನ್ಸರ್. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇರಲ್ಲ.

ತೋಟದಮನೆ_ಸಕಲೇಶಪುರ:
ಬೇರೆಯವರ 360 ವಿಡಿಯೊ ಇದೇ ಫೋನಲ್ಲಿ ತಿರುಗತ್ತೆ.

ಲೆನ್ಸ್‌ಮಂಡ್ಯ:
ಆದ್ರೂ ಒಂದ್ಸಲ ಬೇರೆ ಫೋನಲ್ಲಿ ನೋಡಿ. ನನಗೂ ಹೀಗೇ ಆಗಿತ್ತು, ಕೊನೆಗೆ ಗೈರೊನೇ.

ಸ್ಟೀರಿಯೊ_ಹುಬ್ಬಳ್ಳಿ:
ಇದನ್ನ ವಿಆರ್ ವಿಭಾಗದಲ್ಲಿ ಯಾಕ ಹಾಕೀರಿ? ಎರಡೂ ಕಣ್ಣಿಗೆ ಒಂದೇ ಚಿತ್ರ ಹೋದ್ರ ಅದು ಬರೀ 360. ಆಳ ಕಾಣ್ಬೇಕಂದ್ರ ಎರಡು ಕಣ್ಣಿಗೆ ಎರಡು ಚಿತ್ರ ಬೇಕು.

ಲೆನ್ಸ್‌ಮಂಡ್ಯ:
ಗಿರಾಕಿಗೆ ಅದೆಲ್ಲ ಯಾಕ್ ಬೇಕು ಗುರು? ಸುತ್ತ ನೋಡಿದ್ರೆ ತೋಟ ಕಾಣ್ಬೇಕು, ಅಷ್ಟೇ.

ಸ್ಟೀರಿಯೊ_ಹುಬ್ಬಳ್ಳಿ:
ಹೆಸರು ತಪ್ಪಿದ್ರ ಗಿರಾಕಿಗೆ ಮೋಸ ಮಾಡಿದಂಗ ಆಗ್ತದ.

ಎಕ್ಸ್4_ಕುಡ್ಲ:
ನಾನು ಎಕ್ಸ್4 ತಗೊಂಡೆ, 8ಕೆ. ಮೂರು ಮೀಟರ್ ಸ್ಟಿಕ್ ಹಾಕಿ ಕಡಲ ತೀರದ ರೆಸಾರ್ಟಿಗೆ ಶೂಟ್ ಮಾಡಿದ್ದು, ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ನೋಡ್ಬೇಕು ನೀವು!

ಹಾಸನ_ಎಡಿಟರ್:
ಸರ್, ಕಪ್ಪು ಪಟ್ಟಿ ಅಂದ್ರಲ್ಲ, ಅದನ್ನ ಯಾರೂ ಕೇಳ್ಲೇ ಇಲ್ಲ. ಕ್ಯಾಮೆರಾ ಆಪ್‌ನಿಂದ ನೇರ ಯೂಟ್ಯೂಬ್‌ಗೆ ಹಾಕಿದ್ರಾ, ಮಧ್ಯೆ ಯಾರಾದ್ರೂ ಎಡಿಟ್ ಮಾಡಿದ್ರಾ?

ತೋಟದಮನೆ_ಸಕಲೇಶಪುರ:
ಎಡಿಟ್ ಅಂದ್ರೆ ಏನಿಲ್ಲ. ಮದುವೆ ವಿಡಿಯೊ ಮಾಡೋ ಹುಡುಗನ ಹತ್ರ ಲೋಗೊ, ಮ್ಯೂಸಿಕ್ ಹಾಕಿಸಿದೆ. ಫುಲ್ ಎಚ್‌ಡಿ ಕೊಟ್ಟಿದ್ದಾನೆ.

ಹಾಸನ_ಎಡಿಟರ್:
ಅಲ್ಲೇ ಇರೋದು ಸಮಸ್ಯೆ. 360 ಫೈಲ್‌ನ ಅಗಲ ಎತ್ತರದ ಎರಡರಷ್ಟಿರಬೇಕು. ನಿಮ್ಮ 5.7ಕೆ ಅಂದ್ರೆ 5760×2880 ಪಿಕ್ಸೆಲ್. ಅದನ್ನ 1920×1080 ಚೌಕಟ್ಟಿಗೆ ತುರುಕಿದಾಗ ಚಿತ್ರ 1920×960 ಆಗಿ, ಮೇಲೆ ಕೆಳಗೆ 60 ಪಿಕ್ಸೆಲ್ ಕಪ್ಪು ಉಳೀತು. ಜೊತೆಗೆ 'ಇದು 360' ಅಂತ ಹೇಳೋ ಮೆಟಾಡೇಟಾ ಕೂಡ ಹೋಗಿದೆ.

ಮೂಲ ಫೈಲನ್ನ 5760×2880ರಲ್ಲೇ ಎಚ್.265 (ವಿಡಿಯೊ ಕುಗ್ಗಿಸೋ ಒಂದು ವಿಧಾನ) ಆಗಿ ಮತ್ತೆ ತೆಗೆಸಿ. ಆಮೇಲೆ ಗೂಗಲ್‌ನ ಸ್ಪೇಷಿಯಲ್ ಮೀಡಿಯಾ ಮೆಟಾಡೇಟಾ ಇಂಜೆಕ್ಟರ್ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ತೆರೆದು 'ಸ್ಫೆರಿಕಲ್' ಅನ್ನೋದಕ್ಕೆ ಮಾತ್ರ ಟಿಕ್ ಮಾಡಿ. ಹೊಸ ಫೈಲ್ ಬರತ್ತೆ, ಅದನ್ನೇ ಅಪ್‌ಲೋಡ್ ಮಾಡಿ. ಈಗಿರೋ ಫುಲ್ ಎಚ್‌ಡಿ ಫೈಲಿಗೇ ಟಿಕ್ ಹಾಕಿದ್ರೆ ಕಪ್ಪು ಪಟ್ಟಿ ನೆತ್ತಿ ಮೇಲೂ ಕಾಲ ಕೆಳಗೂ ಮುಚ್ಚಳದ ಹಾಗೆ ಕೂರತ್ತೆ.

ಸ್ಟಾಲ್‌ನಲ್ಲಿ ನೆಟ್ ನಂಬ್ಬೇಡಿ, ಫೈಲನ್ನ ಹೆಡ್‌ಸೆಟ್ಟಿಗೇ ಹಾಕ್ಕೊಳ್ಳಿ. ತಿರುಗೋ ಕುರ್ಚಿ ಇಡಿ. ಕ್ಯಾಮೆರಾ ಹಿಡಿದು ನಡೆದ ಶಾಟ್ ಇದ್ರೆ ತೆಗೀರಿ, ನೋಡೋರಿಗೆ ತಲೆ ಸುತ್ತತ್ತೆ.

ತೋಟದಮನೆ_ಸಕಲೇಶಪುರ:
ತಿರುಗ್ತು!! ಕಣದಲ್ಲಿ ಅಮ್ಮ ಕಾಫಿ ಕೆದರ್ತಿರೋದು, ಹಿಂದೆ ತಿರುಗಿದ್ರೆ ನಾಯಿ ಮಲಗಿರೋದು, ಎಲ್ಲ ಕಾಣತ್ತೆ. ನಿಮ್ಮ ಉಪಕಾರ ಮರೆಯಲ್ಲ. ಆದ್ರೆ ಹೆಡ್‌ಸೆಟ್‌ನಲ್ಲಿ ಸ್ವಲ್ಪ ಮಸುಕು?

ಎಕ್ಸ್4_ಕುಡ್ಲ:
ಅದಕ್ಕೇ ಹೇಳಿದ್ದು, 8ಕೆ ತಗೊಳ್ಳಿ.

ಹಾಸನ_ಎಡಿಟರ್:
5760 ಪಿಕ್ಸೆಲ್ ಪೂರ್ತಿ ಸುತ್ತಿಗೆ ಹಂಚಿಹೋಗತ್ತೆ. ಕಣ್ಣೆದುರಿನ 90 ಡಿಗ್ರಿಗೆ ಸಿಗೋದು 1440 ಮಾತ್ರ. ಈ ಸಲಕ್ಕೆ ಸಾಕು. ದೂರದ ಗುಡ್ಡದ ಶಾಟ್ ಕಡಿಮೆ ಮಾಡಿ, ಕಣ, ಜಗಲಿ ಇಡಿ.

ತೋಟದಮನೆ_ಸಕಲೇಶಪುರ:
ಇನ್ನೊಂದು. 500 ಪಾಂಪ್ಲೆಟ್‌ನಲ್ಲಿ ಹಳೇ ವಿಡಿಯೊದ ಕ್ಯೂಆರ್ ಕೋಡ್ ಪ್ರಿಂಟ್ ಆಗಿದೆ. ಅದೇ ಲಿಂಕಿಗೆ ಹೊಸ ಫೈಲ್ ಹಾಕಕ್ಕಾಗತ್ತಾ?

ಹಾಸನ_ಎಡಿಟರ್:
ಆಗಲ್ಲ ಸರ್, ಹೊಸ ಅಪ್‌ಲೋಡಿಗೆ ಹೊಸ ಲಿಂಕೇ. ಹಳೇ ವಿಡಿಯೊ ಡಿಲೀಟ್ ಮಾಡ್ಬೇಡಿ, ಅದರ ವಿವರಣೆಯ ಮೊದಲ ಸಾಲಲ್ಲೇ ಹೊಸ ಲಿಂಕ್ ಹಾಕಿ. ಹೊಸ ಕೋಡ್‌ನ ಸ್ಟಿಕ್ಕರ್ ಮಾಡಿಸಿ ಹಳೇದರ ಮೇಲೆ ಅಂಟಿಸಿ.

ಲೆನ್ಸ್‌ಮಂಡ್ಯ:
ಸ್ಟಿಕ್ಕರ್ ಹೊಳಪಿಲ್ಲದ್ದು ಮಾಡಿಸಿ, ಲೈಟ್ ಕೆಳಗೆ ಹೊಳೆದ್ರೆ ಸ್ಕ್ಯಾನ್ ಆಗಲ್ಲ. ಆ ಫೋನ್ ಮಾಡೆಲ್ ಯಾವುದು ಅಂತ ಮಾತ್ರ ಹೇಳ್ಲಿಲ್ಲ ನೀವು.